ಉಡಿಯಲ್ಲಿ ಬಂದ ಗುಲಬಕ್ಷಿ

ತವರಿನಿಂದ ಉಡಿಯಲ್ಲಿ ಬಂದದ್ದನ್ನು ಚೆಲ್ಲಬಾರದು. ನಮ್ಮ ಕಡೆ ಇದನ್ನು ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಒಲೆ ಸುಡುತ್ತದೆ ಎಂಬುದು ಗೊತ್ತಿರುವ ಹಾಗೆ ಗೊತ್ತಿರುತ್ತದೆ. ಮಗಳು ಗಂಡನ ಮನೆಗೆ ಹೊರಟಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ. ಆ ಅಕ್ಕಿಯನ್ನು ಮನೆಯವರೇ ಉಣ್ಣಬೇಕು. ಹೊರಗಿನವರಿಗೆ ಕೊಡಬಾರದು, ತಿಪ್ಪೆಗೆ ಹಾಕಬಾರದು, ಒಂದು ಕಾಳೂ ಕಾಲಿಗೆ ಸಿಗಬಾರದು. ಇಷ್ಟು ಕಟ್ಟುನಿಟ್ಟು ನಮ್ಮೂರ ಸಂತೆಯ ತಕ್ಕಡಿಗೆ ಇದ್ದಿದ್ದರೆ ನಾವೆಲ್ಲ ಇನ್ನೂ ಸುಖವಾಗಿರುತ್ತಿದ್ದೆವು.

ನನ್ನ ತವರು ಹಂಸಭಾವಿ ಹತ್ತಿರದ ಒಂದು ಹಳ್ಳಿ. ಅವ್ವ ತೀರಿಕೊಂಡು ವರ್ಷ ತುಂಬಿದಾಗ ಪುಣ್ಯತಿಥಿಗೆಂದು ಹೋಗಿದ್ದೆ. ಅವ್ವ ಇದ್ದಷ್ಟು ಕಾಲ ನನ್ನ ಉಡಿ ತುಂಬುತ್ತಿದ್ದವಳು ಅವಳೇ. ಈಗ ಮೊದಲ ಸಲ ಆ ಕೆಲಸ ಅಣ್ಣನ ಹೆಂಡತಿಯ, ಅಂದರೆ ನಮ್ಮ ವೈನಿಯ ಪಾಲಿಗೆ ಬಂತು. ವೈನಿ ಕೆಟ್ಟವರಲ್ಲ. ಮಾತು ಕಡಿಮೆ, ಆಡಿದರೆ ಈಳಿಗೆ. ಅವ್ವ ಹೋದ ಮೇಲೆ ತವರುಮನೆ ಎಷ್ಟು ದಿನ ತವರುಮನೆಯಾಗಿ ಉಳಿಯುತ್ತದೆ ಎಂಬ ಚಿಂತೆ ನನ್ನ ವಯಸ್ಸಿನ ಎಲ್ಲ ಹೆಂಗಸರಿಗೂ ಇರುತ್ತದೆ. ಅದು ಗೊತ್ತಾಗುವುದು ನಾಗರ ಪಂಚಮಿಗೆ. ಕರೆಯಲು ಅಣ್ಣ ಬಂದರೆ ತವರು ಇದೆ, ಬಾರದಿದ್ದರೆ ಇಲ್ಲ. ಅವ್ವ ಸತ್ತ ವರ್ಷ ಹಬ್ಬವೇ ಇರಲಿಲ್ಲವಾದ್ದರಿಂದ ಪರೀಕ್ಷೆಯೂ ಇರಲಿಲ್ಲ. ಬರುವ ಶ್ರಾವಣದಲ್ಲಿ ನನ್ನನ್ನು ಪಂಚಮಿಗೆ ಕರೆಯುತ್ತಾರೋ ಇಲ್ಲವೋ? ಬಾಯಿ ಬಿಟ್ಟು ಕೇಳುವ ಪ್ರಶ್ನೆಯಲ್ಲ. ಕೇಳಿಸಿಕೊಂಡು ಕರೆದರೆ ಅದು ಕರೆದದ್ದೂ ಅಲ್ಲ.

ಹೊರಡುವ ದಿನ ಅಣ್ಣ ಅಂಗಳದಿಂದ ಕೂಗುತ್ತಿದ್ದ. “ಲಗೂ ಬರ್ರೆವಾ, ಈ ಬಸ್ ತಪ್ಪಿದ್ರ ಮತ್ತ ಸಂಜೀಗೇ.”

ವೈನಿ ನಾಗಂದಿಗೆಯ ಮೇಲಿಂದ ಅವ್ವನ ಹಳೆಯ ತಗಡಿನ ಡಬ್ಬಿ ಇಳಿಸಿದರು. ಉಡಿಯ ಅಕ್ಕಿಯನ್ನು ಅವ್ವ ಬೇರೆಯಾಗಿ ಅದರಲ್ಲೇ ಇಡುತ್ತಿದ್ದಳು. ಕರೆಂಟು ಇರಲಿಲ್ಲ, ಅಡುಗೆಮನೆಯಲ್ಲಿ ಕತ್ತಲೆ. ವೈನಿ ಗಡಿಬಿಡಿಯಲ್ಲಿ ಐದು ಬೊಗಸೆ ನನ್ನ ಸೆರಗಿಗೆ ಸುರಿದು, ಹಣೆಗೆ ಕುಂಕುಮ ಹಚ್ಚಿ, “ಹೋಗಿ ಬಾ” ಎಂದರು. ಪಂಚಮಿಯ ಮಾತು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಷ್ಟಾದರೂ ಶಿವ ಕೊಟ್ಟ ಎಂದುಕೊಂಡು ಶಿಗ್ಗಾಂವಿಗೆ ಬಂದೆ.

ಮರುದಿನ ಆ ಅಕ್ಕಿಯಿಂದ ಹುಗ್ಗಿ ಮಾಡೋಣವೆಂದು ಮೊರಕ್ಕೆ ಸುರಿದರೆ ಒಳಗೆ ಕಪ್ಪು ಕಾಳು. ಒಂದು ಜಾತಿಯದು ಥೇಟು ಮೆಣಸಿನ ಹಾಗೆ, ಮೈಯೆಲ್ಲ ಸುಕ್ಕು. ಇನ್ನೊಂದು ಉದ್ದಿನ ಕಾಳಿಗಿಂತ ತುಸು ದಪ್ಪ, ನುಣುಪು. ಅತ್ತೆಯವರಿಗೆ ಕಣ್ಣು ಮಂಜು, ಆದರೆ ಕುತೂಹಲ ಮಂಜಾಗಿಲ್ಲ.

“ಏನವಾ ಇದು, ಅಕ್ಕ್ಯಾಗ ಮೆಣಸ ಕೂಡೇದ?” ಎನ್ನುತ್ತಲೇ ಒಂದನ್ನು ಹಲ್ಲಿಗೆ ಹಾಕಿ ಕಡಿದು ಉಗುಳಿದರು. “ಥೂ! ಎಲ್ಲಿ ಮೆಣಸು! ಎಂಥದೋ ಹೂವಿನ ಬೀಜ. ಕಸಾ ಆರಸದ ಅಕ್ಕಿ ಉಡಿಗಿ ಹಾಕ್ಯಾಳ ನೋಡು ನಿಮ್ಮ ವೈನಿ. ನಮ್ಮ ಕಾಲದಾಗ ಹಿಂಗ ಮಾಡಿದ್ರ ಬೀಗರು ಮಾತ ಬಿಡ್ತಿದ್ರು.”

ಬೀಜ ಅವರ ಹೊಟ್ಟೆಗೆ ಹೋಗಲಿಲ್ಲವಲ್ಲ, ಸಾರಿಗೆ ಬೀಳಲಿಲ್ಲವಲ್ಲ, ಅದು ದೇವರ ದಯೆ. ಆದರೆ ಅವರ ಮಾತು ನನ್ನ ಹೊಟ್ಟೆಗೆ ಹೋಯಿತು. ಕಸ ಕೂಡಿದ ಅಕ್ಕಿ! ಇದು ಗಡಿಬಿಡಿಯೋ, ಅಸಡ್ಡೆಯೋ, ಇನ್ನು ನಿನಗೆ ಇಷ್ಟೇ ಎಂದು ಹೇಳುವ ರೀತಿಯೋ? ಫೋನು ಮಾಡಿ ಕೇಳಲು ಕೈ ಬರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ!

“ಈಗ ಇವನ್ನ ಏನ ಮಾಡ್ಲಿರಿ ಅತ್ತಿ? ಉಣ್ಣಾಕ ಬರೂದಿಲ್ಲ.”

“ಒಗ್ಯಾಕೂ ಬರೂದಿಲ್ಲ,” ಎಂದು ಅವರು ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದರು. “ಭೂಮಿತಾಯಿ ಉಡಿಗಿ ಹಾಕು. ಆಕೀನೂ ಹೆಣ್ಣು.”

ನಮ್ಮ ಮನೆಯ ಮುಂದೆ ಒಂದಿಷ್ಟು ಬಯಲಿದೆ. ನನ್ನ ಲೆಕ್ಕಕ್ಕೆ ಅದು ಅಂಗಳ, ನಮ್ಮ ಮನೆಯವರ ಲೆಕ್ಕಕ್ಕೆ ಕಾರು ನಿಲ್ಲಿಸುವ ಜಾಗ. ಕಾರು ಇನ್ನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಇವರು ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಕಾರಿನ ಆಸೆ ಷೋಕಿಯದಲ್ಲ, ಅದನ್ನು ಹೇಳದಿದ್ದರೆ ನನಗೆ ಪಾಪ ಬಂದೀತು. ಅತ್ತೆಯವರಿಗೆ ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಹುಲಗೂರಿನಲ್ಲಿರುವ ಅವರ ತಂಗಿಯ ಮುಖ ನೋಡಿ ಬಹಳ ದಿನವಾಗಿತ್ತು. ಅಕ್ಕ ತಂಗಿ ಇಬ್ಬರೂ ಫೋನಿನಲ್ಲಿ ಒಬ್ಬರ ಮೊಣಕಾಲನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ನಾನು ಕಳೆಗುದ್ದಲಿ ಹಿಡಿದು ಕುಳಿತದ್ದನ್ನು ಇವರು ಬಾಗಿಲಿಂದಲೇ ನೋಡಿದರು.

“ಏನ ಮಾಡಾಕತ್ತೀ?”

“ಬೀಜಾ ಹಾಕಾಕತ್ತೇನ್ರಿ.”

“ಕಾರಿನ ಜಾಗದಾಗ?”

“ಕಾರ ಎಲ್ಲೈತ್ರಿ?”

“ಬರ್ತೈತಿ.”

“ಬಂದಾಗ ನೋಡೂಣ್ರಿ. ಬೀಜ ಮೊದಲ ಬಂದಾವು.”

ಮೆಣಸಿನಂಥವು ಒಂದು ವಾರದಲ್ಲೇ ಮಣ್ಣು ಎತ್ತಿಕೊಂಡು ಎದ್ದವು. ನುಣುಪಿನವು ಏಳಲೇ ಇಲ್ಲ. ದಿನಾ ನೀರು ಹಾಕಿದೆ, ಸೋಮವಾರ ಉಪವಾಸವಿದ್ದೆ, ಏನೂ ಆಗಲಿಲ್ಲ. ಕಡೆಗೆ ಅತ್ತೆಯವರು ಅವುಗಳ ಚರ್ಮ ದಪ್ಪವೆಂದರು. ಒಂದಿಷ್ಟನ್ನು ಮಣ್ಣಿಂದ ಹೆಕ್ಕಿ ತೆಗೆದು, ಕಲ್ಲಿನ ಮೇಲೆ ತುಸು ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಮತ್ತೆ ಊರಿದೆ. ಎದ್ದವು. ಉಪವಾಸದಿಂದ ಎದ್ದವೋ ತಿಕ್ಕಿದ್ದರಿಂದ ಎದ್ದವೋ ನಾನು ತೀರ್ಪು ಕೊಡುವುದಿಲ್ಲ. ಎರಡೂ ಮಾಡಿದರೆ ನಷ್ಟವಿಲ್ಲ.

ಬಿಸಿಲು ಬಲಿಯುವ ಹೊತ್ತಿಗೆ ಎರಡರ ಗುರುತೂ ಸಿಕ್ಕಿತು. ಮೆಣಸಿನಂಥದ್ದು ಗುಲಬಕ್ಷಿ, ಕೆಲವರು ಸಂಜೆಮಲ್ಲಿಗೆ ಎನ್ನುತ್ತಾರೆ. ನುಣುಪಿನದು ಶಂಖಪುಷ್ಪದ ಬಳ್ಳಿ, ನೀಲಿ ಹೂವಿನದು, ಈಶ್ವರನಿಗೆ ಪ್ರೀತಿ. ಈಶ್ವರನಿಗೆ ಮನೆಯದೇ ಹೂವು ಏರಿಸುವ ಭಾಗ್ಯ ಬಂತೆಂದು ನಾನು ಮಿಂದು ಮಡಿಯುಟ್ಟು ಬುಟ್ಟಿ ಹಿಡಿದು ಹೋದರೆ, ಶಂಖಪುಷ್ಪ ಅರಳಿ ನಿಂತಿತ್ತು, ಗುಲಬಕ್ಷಿ ಮುದುಡಿ ಮಲಗಿತ್ತು. ಅದು ಅರಳುವುದು ಸಂಜೆ, ಚಹಾದ ಹೊತ್ತಿಗೆ. ಬಿಸಿಲೇರಿದರೆ ಮತ್ತೆ ಮುದುಡುತ್ತದೆ.

“ನಿನ್ನ ಹೂವಿಂದು ರಾತ್ರಿ ಪಾಳಿ,” ಎಂದು ಇವರು ಹಲ್ಲುಜ್ಜುತ್ತಲೇ ನಕ್ಕರು. “ದೇವರಿಗೆ ಹೇಳು, ಆಫೀಸ್ ಟೈಮ್ ಬದಲ ಮಾಡಂತ.”

ದೇವರಿಗೆ ಹೇಳಲಿಲ್ಲ, ನಾನೇ ಬದಲಾದೆ. ಬೆಳಿಗ್ಗೆ ನೀಲಿ, ಸಂಜೆ ಗುಲಾಬಿ ಮತ್ತು ಹಳದಿ, ಹೀಗೆ ಎರಡು ಹೊತ್ತು ಪೂಜೆ ನಡೆಯಿತು. ಇವರಿಗೆ ಸಂಜೆಯ ಚಹಾ ಅರ್ಧ ತಾಸು ತಡವಾಯಿತು.

ಗುಲಬಕ್ಷಿಯ ಗುಣವೇನೆಂದರೆ, ಹೂವು ಉದುರಿದ ಜಾಗದಲ್ಲೇ ಒಂದೊಂದು ಕರಿ ಬೀಜ ಕುಳಿತಿರುತ್ತದೆ. ಗಾಳಿ ಬೇಕಿಲ್ಲ, ಹಕ್ಕಿ ಬೇಕಿಲ್ಲ, ಯಾರ ಉಪಕಾರವೂ ಬೇಕಿಲ್ಲ, ತಾಯಿಯ ಕಾಲ ಬುಡದಲ್ಲೇ ಬೀಳುತ್ತದೆ. ಬೇಸಿಗೆಯಿಡೀ ಬಿದ್ದವು. ಮುಂಗಾರಿನ ಮೊದಲ ಮಳೆ ಹೊಡೆದು ನಾಲ್ಕು ದಿನಕ್ಕೆ ನಮ್ಮ ಅಂಗಳ ಮೆಂತ್ಯದ ಮಡಿಯ ಹಾಗೆ ಹಸುರಾಯಿತು. ಕಾಲಿಡಲು ಜಾಗವಿಲ್ಲ. ನನಗೆ ದಿಗಿಲಾಗಿ ಅತ್ತೆಯವರ ಹತ್ತಿರ ಹೋದೆ.

“ಅತ್ತಿ, ಉಡಿಯಾಗ ಬಂದ ಬೀಜಂದು ಸರಿ. ಆ ಗಿಡದ ಬೀಜದಿಂದ ಎದ್ದ ಸಸಿನೂ ಉಡೀನ ಏನ್ರಿ? ಇವನ್ನ ಕಿತ್ತರ ನಡೀತೈತೇನ್ರಿ?”

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ಸವಣೂರಿಗೆ ಕೊಟ್ಟಾಕಿ ನಿನ್ನ ಮಗಳು ಹೌದಲ್ಲೋ?”

“ಹೌದ್ರಿ.”

“ಆಕಿ ಮಗಳು ನಿನಗ ಮೊಮ್ಮಗಳು ಹೌದಲ್ಲೋ?”

“ಹೌದ್ರಿ.”

“ಮೊಮ್ಮಗಳನ್ನ ಕಿತ್ತ ತಿಪ್ಪಿಗಿ ಒಗೀತಿಯೇನು?”

ಇದನ್ನು ಫೋನಿನಲ್ಲಿ ಕೇಳಿದ ಮಗಳು, “ಯವ್ವಾ, ನನ್ನ ಕೂಸನ್ನ ಕಸದ ಲೆಕ್ಕಕ್ಕ ತರಬ್ಯಾಡ್ರಿ” ಎಂದು ಸಿಟ್ಟಾದಳು. ಆದರೆ ಅತ್ತೆಯವರ ತೀರ್ಪು ತೀರ್ಪೇ. ಉಡಿಯದ್ದೆಂದ ಮೇಲೆ ಹೊರಗಿನವರಿಗೆ ಕೊಡುವ ಹಾಗೂ ಇಲ್ಲ. ದಟ್ಟವಾದ ಕಡೆಯಿಂದ ಸಸಿ ಎಬ್ಬಿಸಿ ಒಡೆದ ಬಕೆಟ್ಟಿಗೆ ನೆಟ್ಟೆ, ಎಣ್ಣೆ ಡಬ್ಬಕ್ಕೆ ನೆಟ್ಟೆ, ತಳ ತೂತಾದ ಬೋಗುಣಿಗೆ ನೆಟ್ಟೆ. ಇವರ ಹಳೆಯ ಹೆಲ್ಮೆಟ್ಟಿಗೂ ಎರಡು ನೆಟ್ಟೆ. ಅದು ಬೇಕಾದೀತೆಂದು ಇಟ್ಟಿದ್ದರಂತೆ. ಅದರಲ್ಲಿ ಗಿಡ ನೋಡಿ ತಮ್ಮ ತಲೆ ಮುಟ್ಟಿಕೊಂಡರು.

ಅತ್ತ ಶಂಖಪುಷ್ಪ ನೆಲ ಬೇಡವೆಂದು ಆಕಾಶ ಹಿಡಿದಿತ್ತು. ಗೇಟು ಹತ್ತಿತು, ಬಟ್ಟೆ ಒಣಗಿಸುವ ಹಗ್ಗ ಹತ್ತಿತು, ಒಂದು ದಿನ ಗೋಡೆ ದಾಟಿ ಪಕ್ಕದ ಮನೆಯ ಮಾಳಿಗೆಗೂ ಹೋಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

“ಅಕ್ಕಾರ, ನಿಮ್ಮ ದೇವರ ಬಳ್ಳಿ ನಮ್ಮ ಡಿಶ್ಶಿನ ಮ್ಯಾಲೆ ಕುಂತೇತ್ರಿ. ನಿನ್ನೆ ಸೀರಿಯಲ್ದಾಗ ಅತ್ತಿ ಸೊಸಿ ಕಪಾಳಕ್ಕ ಕೈ ಎತ್ತಿದ್ಲು, ಅಷ್ಟರಾಗ ಎಲ್ಲಾ ಚುಕ್ಕಿ ಚುಕ್ಕಿ ಆತು. ಹೊಡದ್ಲೋ ಇಲ್ಲೋ ಗೊತ್ತಾಗ್ಲಿಲ್ರಿ.”

“ಹೊಡದಿರ್ತಾಳ ತಗೋರಿ,” ಎಂದರು ನಮ್ಮ ಅತ್ತೆಯವರು ಒಳಗಿನಿಂದ, ಬಹಳ ಸಮಾಧಾನದ ದನಿಯಲ್ಲಿ.

ನಾನು ನಿಚ್ಚಣಿಕೆ ಹತ್ತಿ ಬಳ್ಳಿಯನ್ನು ಕೊಯ್ಯದೆ, ಒಂದೊಂದೇ ಸುತ್ತು ಬಿಚ್ಚಿ, ನಮ್ಮ ಕಡೆಗೆ ಕರೆದುಕೊಂಡು ಬಂದೆ. ಮೂರನೆಯ ದಿನ ಅದು ಮತ್ತೆ ಸೀರಿಯಲ್ಲು ನೋಡಲು ಹೋಗಿತ್ತು. ಆ ನೆರೆಯವರು ಇಷ್ಟಾದರೂ ಮಾತು ಬಿಡಲಿಲ್ಲ. ಅಂಥ ನೆರೆ ಸಿಗಲೂ ಪುಣ್ಯ ಬೇಕು.

ಈ ನಡುವೆ ಕಾರು ಬಂತು. ಹಾನಗಲ್ಲಿನಲ್ಲಿ ಯಾರೋ ಮಾರಾಟಕ್ಕಿಟ್ಟಿದ್ದ ಹಳೆಯ ಬಿಳಿ ಕಾರು. ನಾನೇ ಆರತಿ ಮಾಡಿ, ಗುಲಬಕ್ಷಿಯ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟೆ. ಇವರು ಗೇಟು ತೆರೆದು ಒಳಗೆ ನೋಡಿದರು. ಸೊಂಟದೆತ್ತರದ ಗಿಡ. ಬಾಗಿಲಲ್ಲಿ ಅತ್ತೆಯವರು ಕೋಲು ಹಿಡಿದು ಕುಳಿತಿದ್ದರು.

“ಯವ್ವಾ, ಕಾರ ನಿನ್ನ ಸಲುವಾಗಿನ ತಂದೇನಿ,” ಎಂದರು ಇವರು.

“ಚಲೋ ಮಾಡಿದಿ. ಕಾರೂ ಇರ್ಲಿ, ಹೂವೂ ಇರ್ಲಿ.”

“ಎರಡೂ ಒಂದ ಜಾಗದಾಗ ಹೆಂಗ ಇರ್ತಾವಬೇ?”

“ನಾನೂ ನಿನ್ನ ಹೆಂಡತೀನೂ ಒಂದ ಅಡಗಿಮನ್ಯಾಗ ಇಲ್ಲೇನು?”

ಕಾರು ರಸ್ತೆಯಲ್ಲೇ ನಿಂತಿತು. ನಮ್ಮ ಓಣಿ ಚಿಕ್ಕದು. ಕಾಳು ಹೇರಿದ ಟ್ರ್ಯಾಕ್ಟರ್ ಬಂದಾಗಲೆಲ್ಲ ಇವರು ಉಣ್ಣುವುದನ್ನು ಬಿಟ್ಟು ಓಡಿ ಕಾರು ಸರಿಸಬೇಕು. ನಾಯಿಗಳು ಅದರ ಕೆಳಗೆ ಸಂಸಾರ ಹೂಡಿದವು. ಒಂದು ಮಧ್ಯಾಹ್ನ ನೋಡಿದರೆ, ಯಾರದೋ ಆಡು ಕಾರಿನ ನೆತ್ತಿಯ ಮೇಲೆ ನಿಂತು ಗೋಡೆಯ ಮೇಲಿನ ಶಂಖಪುಷ್ಪವನ್ನು ಆರಾಮಾಗಿ ಮೇಯುತ್ತಿತ್ತು. ನಾನು ಹೂವಿಗಾಗಿ ಚೀರಿದೆ, ಇವರು ಕಾರಿಗಾಗಿ ಚೀರಿದರು. ಬಹಳ ದಿನದ ಮೇಲೆ ಇಬ್ಬರದೂ ಒಂದೇ ದನಿಯಾಗಿತ್ತು.

ಇವರು ಬಾಯಿಂದ ಆಗದ್ದನ್ನು ಕೈಯಿಂದ ಮಾಡಲು ನೋಡಿದರು. ಒಂದು ಬೆಳಿಗ್ಗೆ ನಾನು ಬಸಿದಿಟ್ಟ ಅನ್ನದ ಗಂಜಿಯನ್ನು ಪಾತ್ರೆಯಲ್ಲಿ ಹಿಡಿದು, ಗೇಟಿನ ಹತ್ತಿರದ ಗುಲಬಕ್ಷಿಯ ಬುಡಕ್ಕೆ ಹೊಯ್ಯುತ್ತಿದ್ದರು. ಅತ್ತೆಯವರ ಮಂಜುಗಣ್ಣಿಗೆ ಅದು ಮಾತ್ರ ನಿಚ್ಚಳವಾಗಿ ಕಂಡಿತು.

“ಹೆಂಡತಿ ತವರಿನ ಉಡಿಗಿ ಕುದಿಯೂ ಗಂಜಿ ಹಾಕತೀಯೇನಲೇ?”

“ಕುದಿಯೂದಿಲ್ಲಬೇ, ಆರೇತಿ!”

ನಿಜಕ್ಕೂ ಆರಿತ್ತು. ಅವರು ಅಷ್ಟು ಹಿಂದೆ ಮುಂದೆ ನೋಡಿ ಹೋಗುವಷ್ಟರಲ್ಲಿ ತಣ್ಣಗಾಗಿತ್ತು. ಗುಲಬಕ್ಷಿ ಗಂಜಿ ಕುಡಿದು ಎಂಟೇ ದಿನದಲ್ಲಿ ಮತ್ತೆ ಒಂದು ಗೇಣು ಬೆಳೆಯಿತು.

ಕೊನೆಗೆ ವ್ಯಾಜ್ಯ ಮಠದ ಅಯ್ಯನವರ ಮುಂದೆ ಹೋಯಿತು. ಅವರು ದಿನಾ ನಮ್ಮ ಓಣಿಯಲ್ಲಿ ಬರುವವರು. ಇವರು ಗೇಟಿನಲ್ಲೇ ಹಿಡಿದು ಕೇಳಿದರು, “ಬುದ್ಧ್ಯಾರ, ಉಡಿಯಾಗ ಬಂದ ಬೀಜಾ ಗಿಡಾ ಆದ್ರ ಕಿತ್ತ ಒಗೀಬೌದೇನ್ರಿ?”

ಅಯ್ಯನವರು ಕೈಯಲ್ಲಿದ್ದ ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಬುಟ್ಟಿಯಲ್ಲಿ ನಮ್ಮದೇ ಶಂಖಪುಷ್ಪ ತುಂಬಿತ್ತು. ದೇವರ ಪೂಜೆಗೆ ಕೊಡಲು ನೇಮ ಅಡ್ಡ ಬರುವುದಿಲ್ಲವೆಂದು ನಾನೇ ದಿನಾ ಕೊಡುತ್ತಿದ್ದೆ.

“ಉಡಿ ಅಂದ್ರ ತವರಿನ ಹಕ್ಕು ನೋಡ್ರಿ,” ಎಂದರು ಅವರು ಆಕಾಶ ನೋಡುತ್ತ. “ತುಂಬಿದವರ ಹೂಂ ಅಂದ್ರ ತೆಗೀಬೌದು. ಅಲ್ಲೀತನಾ ಕೈ ಹಚ್ಚಬ್ಯಾಡ್ರಿ.”

ನನಗೆ ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. ತುಂಬಿದವರು ಎಂಬ ಮಾತು ಕೇಳಿದ ಕೂಡಲೆ ವೈನಿಯ ಮುಖ ಕಣ್ಣ ಮುಂದೆ ಬಂತು. ಆಷಾಢ ಮುಗಿಯುತ್ತ ಬಂದಿತ್ತು. ಓಣಿಯ ಬೇರೆ ಮನೆಗಳಲ್ಲಿ ಫೋನು ಬರುತ್ತಿದ್ದವು, “ನಮ್ಮಣ್ಣ ಬರ್ತಾನಂತ, ನಮ್ಮ ತಮ್ಮ ಬರ್ತಾನಂತ” ಎಂದು ಹೆಂಗಸರು ಬಳೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ತವರಿನಿಂದ ಪುಣ್ಯತಿಥಿಯಾದಾಗಿನಿಂದ ಬಂದದ್ದು ಒಂದೇ ಫೋನು. ಅಣ್ಣ ಮಾಡಿದ್ದ, ಅರಾಮಿದೀಯೇನು ಎಂದು ಕೇಳಿ, ಹಿಂದಿನಿಂದ ವೈನಿಯ ಕೆಮ್ಮು ಕೇಳಿಸಿದ ಕೂಡಲೆ ಇಟ್ಟುಬಿಟ್ಟಿದ್ದ. ನಾನು ಗಿಡಗಳ ನಡುವೆ ಕೂತು ಒಣಗಿದ ಎಲೆ ಆರಿಸುತ್ತಿದ್ದೆ. ಇವಿಷ್ಟಾದರೂ ತವರಿನವು ಇವೆಯಲ್ಲ ಎಂದುಕೊಳ್ಳುತ್ತಿದ್ದೆ. ಈಗ ಹೇಳಲು ನಗು ಬರುತ್ತದೆ, ಒಂದೆರಡಕ್ಕೆ ಅವ್ವನ ಹತ್ತಿರ ಮಾತಾಡುವ ಹಾಗೆ ಮಾತಾಡಿದ್ದೂ ಉಂಟು.

ಪಂಚಮಿಗೆ ವಾರವಿರುವಾಗ ಒಂದು ಸಂಜೆ ಗೇಟಿನ ಹೊರಗಿಂದ ದನಿ ಕೇಳಿತು.

“ಯಾರದೀರಿ? ಒಳಗ ಮನಿ ಐತೋ, ಬರೇ ಅಡವಿ ಐತೋ?”

ಕೈ ಒರೆಸಿಕೊಳ್ಳುತ್ತ ಹೋದರೆ, ಚೀಲ ಹಿಡಿದು ವೈನಿ ನಿಂತಿದ್ದಾರೆ. ಎರಡು ಬಸ್ಸು ಬದಲಿಸಿ ಬಂದ ಧೂಳು ಮುಖದ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು, “ನಿನ್ನ ಗಂಡ ಫೋನ್ ಮಾಡಿದ್ರು. ನಿಮ್ಮ ಉಡಿ ನಮ್ಮ ಕಾರಿಗಿ ಅಡ್ಡ ಬಂದೈತಿ, ಲಗೂ ಬರ್ರಿ ಅಂದ್ರು. ಏನ ಅನಾಹುತ ಆಗೇತೋ ಅಂತ ನಾ ಉಟ್ಟ ಸೀರಿ ಮ್ಯಾಲೆ ಬಂದೇನಿ.”

ಅಷ್ಟು ಹೇಳಿ ಅವರು ಸುತ್ತ ನೋಡಿದರು. ಗುಲಬಕ್ಷಿ ಆಗಷ್ಟೇ ಅರಳುತ್ತಿತ್ತು. ಗುಲಾಬಿ, ಹಳದಿ, ಕೆಲವು ಒಂದೇ ಹೂವಿನಲ್ಲಿ ಅರ್ಧ ಇದು ಅರ್ಧ ಅದು. ವೈನಿ ಚೀಲ ಕೆಳಗಿಟ್ಟು ಒಂದು ಹೂವನ್ನು ತಿರುಗಿಸಿ ನೋಡಿದರು.

“ಇವು ಅತ್ತಿಯವರ, ನಿಮ್ಮ ಅವ್ವನ ಗಿಡಾನ. ನಮ್ಮ ಹಿತ್ತಲದಾಗಿದ್ವು.” ಆಮೇಲೆ ನನ್ನ ಕಡೆ ತಿರುಗಿದರು. “ಹಂಗಾರ ನೀನ ಒಯ್ದಿದ್ದಿ!”

“ಏನ್ ಒಯ್ದಿದ್ನಿರಿ?”

“ಡಬ್ಬ್ಯಾಗಿನ ಬೀಜದ ಗಂಟು! ಅಕ್ಕ್ಯಾಗ ಇಟ್ರ ಹುಳಾ ಬೀಳೂದಿಲ್ಲಂತ ಅತ್ತಿ ತಳದಾಗ ಕಟ್ಟಿ ಇಟ್ಟಿದ್ರು. ನಿಮ್ಮಣ್ಣ ಟ್ರ್ಯಾಕ್ಟರಿಗೆ ಶೆಡ್ ಹಾಕಸಾಕ ಜೆಸಿಬಿ ತರಿಸಿ ಹಿತ್ತಲಾ ಎಲ್ಲಾ ಕೆರಸಿಬಿಟ್ಟ. ಮಳಿಗಾಲಕ್ಕ ಬೀಜಾ ಹಾಕಿದ್ರಾತು, ಅತ್ತಿ ಗಿಡಾ ಮತ್ತ ಆಗ್ತಾವಂತ ನಾ ಅನಕೊಂಡಿದ್ದೆ. ಡಬ್ಬಿ ತಗದ ನೋಡ್ತೇನಿ, ಬರೇ ಗಂಟಿನ ಅರಿವಿ ಅಷ್ಟ ಉಳದೈತಿ. ನೀ ಹೋದ ಮರುದಿನಾನ! ಕೇಳಿದ್ರ ನಾನ ಕೊಡ್ತಿದ್ನಿಲ್ಲೇನು? ಕೇಳದ ಒಯ್ಯೂದೇನಿತ್ತು?”

“ನಾ ಯಾಕ ಒಯ್ಲಿರಿ? ನೀವ ನನ್ನ ಉಡಿಗಿ ಹಾಕೀರಿ!”

“ನಾ ಅಕ್ಕಿ ಹಾಕೇನಿ!”

“ಅಕ್ಕಿ ಜೋಡಿ ಇವನ್ನೂ ಹಾಕೀರಿ! ಬೇಕಾದ್ರ ನಮ್ಮ ಅತ್ತಿನ್ನ ಕೇಳ್ರಿ, ಒಂದ ಕಡದ ನೋಡ್ಯಾರ!”

“ಥೂ, ಇನ್ನೂ ಬಾಯಿ ಕಹಿ ಐತಿ!” ಎಂದು ಒಳಗಿನಿಂದ ಸಾಕ್ಷಿ ಬಂತು.

ವೈನಿಯ ಮುಖದ ಮೇಲೆ ಆ ಕತ್ತಲೆಯ ಅಡುಗೆಮನೆ, ಬಿಚ್ಚಿದ ಗಂಟು, ಐದು ಬೊಗಸೆ ಎಲ್ಲ ಒಂದಾದ ಮೇಲೊಂದು ಹಾದುಹೋದದ್ದು ನನಗೆ ಕಾಣುತ್ತಿತ್ತು.

“ಗಂಟ ಬಿಚ್ಚಿತ್ತೇನೋ,” ಎಂದರು ಕಡೆಗೆ. “ಕರೆಂಟಿರಲಿಲ್ಲ.”

“ನಾ ತಿಳಕೊಂಡಿದ್ದೆ, ಕಸದ ಅಕ್ಕಿ ಕೊಟ್ಟು ನನ್ನ ಕಳಿಸೀರಿ ಅಂತ.”

“ಕಸದ ಅಕ್ಕಿ? ನಾನು? ಉಡಿಗಿ?” ವೈನಿಗೆ ಕೋಪ ಬಂತು. ಬರುವ ದಾರಿಯಲ್ಲೇ ಅದು ನಗುವಾಯಿತು. ಅವರು ಹಾಗೆ ನಗುವುದನ್ನು ನಾನು ಅವರ ಮದುವೆಯಾದಾಗಿನಿಂದ ನೋಡಿರಲಿಲ್ಲ. ಗೇಟು ಹಿಡಿದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ನಿಮ್ಮಣ್ಣ ಎರಡ ಸಲ ಕೇಳಿದ, ತಂಗಿನ್ನ ಪಂಚಮಿಗಿ ಕರ್ಯಾಕ ಯಾವತ್ತ ಹೋಗ್ಲಿ ಅಂತ. ಬ್ಯಾಡ, ಡಬ್ಬಿಗಿ ಕೈ ಹಾಕಿದಾಕಿ ತಾನ ಬಾಯಿಬಿಟ್ಟ ಹೇಳ್ಲಿ, ಅಲ್ಲೀತನಾ ಹೋಗಬ್ಯಾಡ ಅಂದಿದ್ದೆ. ಮುಖಾ ಉಬ್ಬಿಸ್ಕೊಂಡ ಅಡ್ಡಾಡಾಕತ್ತಾನ ಅಲ್ಲೆ.”

ನಾನು ಅವರ ಚೀಲ ಎತ್ತಿಕೊಂಡು ಒಳಗೆ ಹೋದೆ. ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಗೆ ಎಂದು ಹೇಳಲು ನಮ್ಮದು ಗ್ಯಾಸ್ ಒಲೆ.

ಬೆಳಿಗ್ಗೆ ಎದ್ದು ನೋಡಿದರೆ ವೈನಿ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ಅಂಗಳದಲ್ಲಿದ್ದರು. ಒಂದು ಸಾಲು ಗುಲಬಕ್ಷಿ ಆಗಲೇ ನೆಲಕ್ಕುರುಳಿತ್ತು. ನಾನು ಓಡಿಹೋದೆ.

“ವೈನಿ! ಉಡಿರಿ ಅದು!”

“ಉಡಿ ತುಂಬಿದಾಕಿ ನಾನು, ಕೀಳಾಕೀನೂ ನಾನ. ಪಾಪ ಬಂದ್ರ ನನಗ ಬರ್ಲಿ. ಇದನ್ನ ಹಿಂಗ ಬಿಟ್ರ ಬರೂ ವರ್ಷ ನೀವು ಮೂರೂ ಮಂದಿ ಕಾರಿನ್ಯಾಗ ಮಲಗಬೇಕಾಕ್ಕೈತಿ.” ಅವರು ಇನ್ನೊಂದು ಗಿಡದ ಬುಡಕ್ಕೆ ಸಲಿಕೆ ಇಟ್ಟು ಮೀಟಿದರು. ಗೆಣಸಿನಷ್ಟು ದಪ್ಪದ ಕರಿ ಗಡ್ಡೆ ಮೇಲೆ ಬಂತು. “ನೋಡಿಲ್ಲೆ. ಮ್ಯಾಲೆ ಎಷ್ಟ ಕೊಯ್ದರೂ ಇದು ಸಾಯೂದಿಲ್ಲ. ಬ್ಯಾಸಿಗ್ಯಾಗ ಮಲಗ್ತೈತಿ, ಮಳಿಗಿ ಏಳ್ತೈತಿ. ಇವನ್ನ ನಾ ಊರಿಗಿ ಒಯ್ತೇನಿ, ಶೆಡ್ಡಿನ ಸುತ್ತ ಹಾಕ್ತೇನಿ. ಬೀಜಾ ಹಾಕಿ ಕಾಯೂದ ತಪ್ಪಿತು.”

ತುಂಬಿದವರೇ ಹೂಂ ಅಂದ ಮೇಲೆ ನನ್ನದೇನು? ಇಷ್ಟು ತಿಂಗಳು ಹೊತ್ತ ಭಾರ ಹೆಗಲಿಂದ ಇಳಿದ ಹಾಗಾಗಿ ನಾನೂ ಕೀಳಲು ಕೂತೆ. ನಿಜ ಹೇಳಬೇಕೆಂದರೆ ಕೀಳುವುದು ನೆಡುವುದಕ್ಕಿಂತ ಸುಖದ ಕೆಲಸ. ಇವರು ಅಡತಿ ಅಂಗಡಿಯಿಂದ ತಂದ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದು, ಮದುವೆಯ ಮನೆಯ ಹಿರಿಯರ ಹಾಗೆ ನಗುತ್ತ ನಿಂತಿದ್ದರು.

“ನಗತೀರೇನ್ರಿ ಅಳಿಯಾರ? ಚೀಲಾ ಗಟ್ಟಿ ಹಿಡೀರಿ. ಗ್ವಾಡಿ ಗುಂಟ ಇದ್ದದ್ದಕ್ಕ ಕೈ ಹಚ್ಚೀರಿ ಮತ್ತ, ಅದು ಹಂಗ ಇರ್ಲಿ. ಬಳ್ಳೀನೂ ಇರ್ಲಿ.”

“ಆತ್ರಿ ಅಕ್ಕಾರ. ನೀವ ಹೇಳಿದಂಗ.”

“ಗಂಜಿ ಗಿಂಜಿ ಹಾಕೀರಿ ಮತ್ತ, ಹುಷಾರ!”

ಇವರು ಅತ್ತೆಯವರ ಕಡೆ ನೋಡಿದರು. ಅತ್ತೆಯವರು ಬತ್ತಿ ಹೊಸೆಯುವುದರಲ್ಲಿ ಬಹಳ ಮುಳುಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಾರು ಒಳಗೆ ಬಂದು ನಿಂತಿತು. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಗೋಡೆ ಕಡೆಯ ಗುಲಬಕ್ಷಿ ತುಸು ತಳ್ಳುತ್ತದೆ, ಇವರು ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕು. ಅದರಿಂದ ಅವರಿಗೆ ಒಳ್ಳೆಯದೇ.

ಊಟವಾದ ಮೇಲೆ ವೈನಿಯನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು, ಹಾಗೇ ಅತ್ತೆಯವರನ್ನು ಹುಲಗೂರಿಗೆ ಕರೆದೊಯ್ಯುವುದೆಂದು ಹೊರಟೆವು. ಅತ್ತೆಯವರನ್ನು ಮುಂದಿನ ಸೀಟಿಗೆ ಕೂರಿಸಿದೆವು. ಮೊಣಕಾಲು ಮಡಿಸದೆ, ಮೆಟ್ಟಿಲು ಹತ್ತದೆ, ತೇರಿನಲ್ಲಿ ಕೂತ ಹಾಗೆ ಕೂತರು. ಹಿಂದೆ ನಾನು, ವೈನಿ, ನಡುವೆ ಗಡ್ಡೆಯ ಚೀಲ. ಇವರು ಓಣಿ ದಾಟುವಷ್ಟರಲ್ಲಿ ನಾಲ್ಕು ಸಲ ಹಾರ್ನು ಹಾಕಿದರು, ಎದುರಿಗೆ ಯಾರೂ ಇರಲಿಲ್ಲ.

“ರೊಟ್ಟಿ ಪಂಚಮಿ ಹಿಂದಿನ ದಿನಾನ ನಿಮ್ಮಣ್ಣನ್ನ ಕಳಸ್ತೇನಿ,” ಎಂದರು ವೈನಿ ಕಿಟಕಿಯ ಹೊರಗೆ ನೋಡುತ್ತ, ಹಾಲಿನವನಿಗೆ ಹೇಳುವ ಹಾಗೆ. “ಮುಂಜಾನಿ ಬಸ್ಸಿಗೇ ಹೊಂಡು, ಮಧ್ಯಾಹ್ನ ಮಾಡಬ್ಯಾಡ. ಶೇಂಗಾ ಉಂಡಿ ಮಾಡ್ಲೋ, ಎಳ್ಳುಂಡಿ ಮಾಡ್ಲೋ?”

ನಾನು ಗಡ್ಡೆಯ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದೆ. ಇವರು ಮುಂದಿನಿಂದ, “ನನಗ ಎರಡೂ ನಡೀತಾವ್ರಿ ಅಕ್ಕಾರ” ಎಂದರು.

“ನಿಮ್ಮನ್ನ ಯಾರ ಕರದಾರ್ರೀ? ಪಂಚಮಿ ಹೆಣ್ಮಕ್ಕಳ ಹಬ್ಬ. ಮುಂದ ನೋಡಿ ಗಾಡಿ ಹೊಡೀರಿ.” ಮತ್ತೆ ನನ್ನ ಕಡೆ ತಿರುಗಿ, “ಜೋಕಾಲಿ ಕಟ್ಟಸ್ಲೇನು?” ಎಂದರು.

“ಈ ವಯಸ್ಸಿನ್ಯಾಗ ಜೋಕಾಲಿ ಏನ ಆಡ್ಲಿರಿ ವೈನಿ!”

ವೈನಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದರು. “ವಯಸ್ಸಿಂದೇನ ಅಡ್ಡಿ ಇಲ್ಲ. ತೂಕದ್ದ ವಿಚಾರ. ಟ್ರ್ಯಾಕ್ಟರ ಎಳಿಯೂ ಹಗ್ಗಾ ಹಾಕಸ್ತೇನಿ ಬಿಡು.”

ಅತ್ತೆಯವರು ಮುಂದೆ ಕೂತು ಮೈ ಕುಲುಕಿ ನಕ್ಕರು. ನಾನು ಎಳ್ಳುಂಡಿ ಎಂದೆ.